ಅತ್ತಿಯ ಬಾಯಿಗೆ ಬಾರದ ಹೆಸರು

ನನ್ನ ಚೊಚ್ಚಲ ಮಗನನ್ನು ತೊಟ್ಟಿಲಿಗೆ ಹಾಕಿದ್ದು ಮೊರಬದಲ್ಲಿ, ತವರಿನ ಪಡಸಾಲೆಯಲ್ಲಿ. ಎಂಬತ್ತರ ದಶಕದ ನಡುವಿನ ಮಾತು. ನಾನು ಬಸುರಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಹೊಲದಿಂದ ಬಂದು ಕಾಲು ತೊಳೆದು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಹುಟ್ಟುವುದು ಗಂಡಾದರೆ ಅಪ್ಪನ ಹೆಸರೇ ಎಂದು ಅಂದೇ ನಿಶ್ಚಯ ಮಾಡಿಬಿಟ್ಟಿದ್ದೆ. ಗಂಡ ಒಪ್ಪಿದರು. ಅವ್ವನಿಗೆ ಹೇಳಿದಾಗ ಅವಳು ಜೋಳ ಹಸನು ಮಾಡುತ್ತಿದ್ದಳು. "ಹೂಂ" ಅಂದಳು, ಮೊರದಿಂದ ತಲೆ ಎತ್ತಲಿಲ್ಲ. ದುಃಖ ಅಂದುಕೊಂಡೆ.

ನಮ್ಮ ಕಡೆ ಹೆಸರಿಡುವ ಹಕ್ಕು ಸೋದರತ್ತಿಯದು. ತಂದೆತಾಯಿ ಆರಿಸಿದ ಹೆಸರನ್ನು ತೊಟ್ಟಿಲ ಮುಂದೆ ನಿಂತಾಗ ಅವಳ ಕಿವಿಯಲ್ಲಿ ಹೇಳಬೇಕು. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ" ಅಂದು ಹೆಸರು ಊದಬೇಕು. ಊದುವಾಗ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಅಲ್ಲಿಯವರೆಗೂ ಹೆಸರು ಗುಟ್ಟು.

ನನ್ನ ಮಗನ ಅತ್ತಿ ಎಂದರೆ ಗಂಡನ ಅಕ್ಕ. ದೇವಿಕೊಪ್ಪದಿಂದ ಬಂದಿದ್ದರು, ಮೂರು ವರ್ಷದ ಮಗನನ್ನು ಟೊಂಕದ ಮೇಲೆ ಕೂರಿಸಿಕೊಂಡು. ಆ ಹುಡುಗನ ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ ಅನ್ನಿ. ಅವನು ಹುಟ್ಟಿದ್ದು ನನ್ನ ಮದುವೆಗೆ ಮುಂಚೆ. ಎಲ್ಲರೂ ಅವನಿಗೆ "ಗೌಡ್ರು" ಅನ್ನುತ್ತಿದ್ದರು. ಹೆತ್ತ ತಾಯಿ ಕೂಡ "ಗೌಡ್ರ, ಮೂಗು ಒರಸ್ಕೋರಿ" ಅನ್ನುವರು. ಮುದ್ದಿಗೆ ಹಾಗೆ ಕರೆಯುತ್ತಾರೆಂದು ತಿಳಿದಿದ್ದೆ.

ತೊಟ್ಟಿಲು ಕಲಘಟಗಿಯದು, ಕೆಂಪು ಹಳದಿ ಬಣ್ಣದ್ದು. ಅಪ್ಪ ಬದುಕಿದ್ದಾಗಲೇ ಹೇಳಿ ಮಾಡಿಸಿದ್ದ. ಮನೆ ತುಂಬ ಕಾಳಿನ ಗುಗ್ಗರಿ ಬೆಂದ ವಾಸನೆ. ಅವ್ವ ಅಡಿಗೆಮನೆಯ ಹೊಸ್ತಿಲ ಒಳಗೇ ನಿಂತಿದ್ದಳು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ, ಶುಭಕಾರ್ಯದಲ್ಲಿ ಮುಂದೆ ಬರುವಂತಿರಲಿಲ್ಲ.

ನಾದಿನಿ ನನ್ನ ಬಾಯಿಯ ಹತ್ತಿರ ಕಿವಿ ತಂದರು. ಹೇಳಿದೆ.

"ಏನಂದಿ?"

ಮತ್ತೆ ಹೇಳಿದೆ. ಅವರ ಮುಖದ ಕಳೆಯೇ ಇಳಿದುಹೋಯಿತು. ತೊಟ್ಟಿಲ ಹಗ್ಗ ಬಿಗಿಯಾಗಿ ಹಿಡಿದುಕೊಂಡರು.

"ಈ ಹೆಸರು ನನ್ನ ಬಾಯಾಗ ಬರೂದಿಲ್ಲ, ತಂಗಿ."

ಹಿಂದೆ ನಿಂತಿದ್ದ ಬಾಜೂ ಮನೆಯಾಕೆ ಬಿಡಲಿಲ್ಲ. "ಯಾಕವಾ, ಅತ್ತಿ ಬಾಯಿಗೆ ಬೀಗ ಬಿತ್ತೇನ? ಉಡುಗೊರಿ ಸೀರಿ ಬಣ್ಣ ಮನಸಿಗೆ ಬಂದಿಲ್ಲ ಕಾಣ್ತೈತಿ!"

ಪಡಸಾಲೆ ತುಂಬ ನಗು. ಗುದ್ದು ಶುರುವಾದವು. "ಕುರ್ರ ಅನ್ರಿ ಲಗೂನ! ಗುಗ್ಗರಿ ಆರಾಕತ್ತಾವು!"

ನಾದಿನಿ ನನಗಷ್ಟೇ ಕೇಳುವಂತೆ ಅಂದರು: "ನಮ್ಮ ಮಾವಾರ ಹೆಸರದು. ಅವರು ಹೋದಮ್ಯಾಲ ನನ್ನ ಮಗಗ ಇಟ್ಟೇವಿ. ನಾ ಹ್ಯಾಂಗ ಅನ್ಲಿ?"

ಅಪ್ಪನ ಹೆಸರಿಗೂ ಆ ಮಾವನವರ ಹೆಸರಿಗೂ ಮುಂಭಾಗ ಒಂದೇ, ಬಾಲ ಮಾತ್ರ ಬೇರೆ ಎಂದು ಆಮೇಲೆ ತಿಳಿಯಿತು. ಆದರೆ ಮಾವನ ಹೆಸರು ಹೋಗಲಿ, ಅದರ ಸದ್ದು ಬರುವ ಮಾತನ್ನೂ ನಾಲಿಗೆಗೆ ತಾರದವರು ನಾದಿನಿ. ಆ ಹೆಸರು ಮಗನಿಗೆ ಬಂದ ಮೇಲೆ ಮಗನನ್ನೂ ಹೆಸರು ಹಿಡಿದು ಕರೆಯದಾದರು. ಅಷ್ಟು ದಿನ ನಾನು ಮುದ್ದು ಅಂದುಕೊಂಡದ್ದು ಇದು.

"ಅಕ್ಕಾರ, ನಮ್ಮಪ್ಪನ ಹೆಸರ್ರೀ..." ಅಂದೆ. ಅವರ ಬೆನ್ನ ಮೇಲೆ ಗುದ್ದು ಬೀಳುತ್ತಲೇ ಇದ್ದವು. ನಾದಿನಿ ಬಗ್ಗಿದರು. "ಕುರ್ರ" ಅಂದದ್ದು ಕೇಳಿಸಿತು. ಎದ್ದು ನಿಂತು, ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳಿದರು.

ಅಪ್ಪನ ಹೆಸರಲ್ಲ. ನಾವು ಯಾರೂ ಯೋಚನೆಯೇ ಮಾಡಿರದ, ಹೊಸ ಕಾಲದ ಒಂದು ಹೆಸರು.

"ಚಲೋ ಹೆಸರು, ಅಗದಿ ಚಲೋ!" ಅಂತ ಹೆಂಗಸರು ತೊಟ್ಟಿಲು ತೂಗಿದರು. ನಾನು ನಾದಿನಿಯ ಸೆರಗು ಹಿಡಿದು ಜಗ್ಗಿದೆ.

"ಯಾರ ಹೆಸರದು ಅಕ್ಕಾರ?"

"ಹುಬ್ಬಳ್ಳಿ ಬಸ್ಸಿನಾಗ ಬಾಜೂ ಕುಂತಾಕಿ ತನ್ನ ಮಗನ್ನ ಹಂಗ ಕರಿಯಾಕತ್ತಿದ್ಲು. ಅದ ಬಾಯಿಗೆ ಬಂತು. ಗುದ್ದು ಬೀಳಾಕತ್ತಿದ್ದುವು, ನಾ ಏನ ಮಾಡ್ಲಿ?" ಅವರೂ ಅಳುತ್ತಿದ್ದರು.

ಮತ್ತೊಮ್ಮೆ ಹೇಳಿಸಬಹುದೇ ಎಂದು ದೊಡ್ಡವ್ವನನ್ನು ಕೇಳಿದೆ. "ಕಿವ್ಯಾಗ ಬಿದ್ದದ್ದು ಬಿತ್ತು. ಒಂದ ಕೂಸಿಗೆ ಎರಡ ಸಲ ಕುರ್ರ ಅಂತಾರೇನ ಹುಚ್ಚಿ?" ಅಂದುಬಿಟ್ಟಳು. ಗಂಡನನ್ನು ಒಳಗೆ ಕರೆಸಿದೆ. ಅವರು ತಲೆ ಕೆರೆದುಕೊಂಡರು. "ಅಕ್ಕನ ಮಾವನ್ನ ನಾವೆಲ್ಲಾ ಗೌಡ್ರು ಅಂತಿದ್ವಿ. ಹೆಸರು ಯಾರಿಗೆ ನೆನಪಿರ್ತೈತಿ?" ಯಾವಳೋ ಬಸ್ಸಿನ ಹೆಂಗಸಿನ ಮಗನ ಹೆಸರು ನನ್ನ ಮಗನಿಗೆ!

ಎಲ್ಲರೂ ಗುಗ್ಗರಿಗೆಂದು ಹೊರಗೆ ಹೋದ ಮೇಲೆ ಅವ್ವ ಹೊಸ್ತಿಲು ದಾಟಿ ಬಂದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಅಪ್ಪನ ಹೆಸರು ಹೋತಲ್ಲಬೇ."

ಅವ್ವ ಕೂಸನ್ನು ಎತ್ತಿಕೊಂಡಳು. "ಆ ಹೆಸರು ಇಟ್ಟಿದ್ರ ನಾ ಇವನ್ನ ಏನಂತ ಕರೀತಿದ್ದೆ?"

ಆಗ ತಲೆ ಎತ್ತಿ ಅವಳನ್ನು ನೋಡಿದೆ.

"ನಿಮ್ಮಪ್ಪನ ಹೆಸರು ನಾ ಅಂದದ್ದ ಯಾವತ್ತರ ಕೇಳಿಯೇನ? ಸಾಯೂತನಾ ಮೊಮ್ಮಗನ್ನ 'ಏ, ಇಲ್ಲಿ ಬಾ' ಅಂತಿದ್ದೆ."

"ಮತ್ತ ಮೊದಲ ಯಾಕ ಹೇಳಲಿಲ್ಲಬೇ?"

"ನಿನಗ ಅಪ್ಪನ ಮ್ಯಾಲ ಅಷ್ಟು ಜೀವ. ಏನಂತ ಹೇಳ್ಲಿ?"

ಸೆರಗಿನಿಂದ ಅವನ ಬಾಯಿ ಒರೆಸಿ, ಈಗಷ್ಟೇ ಕೇಳಿದ ಆ ಹೆಸರು ಹಿಡಿದು ಕರೆದಳು. ಮೊದಲ ಸಲ ನಾಲಿಗೆ ತೊಡರಿತು. ಎರಡನೆಯ ಸಲ ಎಷ್ಟು ಜೋರಾಗಿ ಕರೆದಳೆಂದರೆ ಅಂಗಳದಲ್ಲಿದ್ದವರು ತಿರುಗಿ ನೋಡಿದರು. ಅಪ್ಪ ಹೋದ ಮೇಲೆ ಅವಳ ಆ ದನಿ ನಾನು ಕೇಳಿರಲಿಲ್ಲ.