ಪಟ್ಟಿಯಲ್ಲಿಲ್ಲದ ಮಾವ

ಮೊನ್ನೆ ಕಾರ್ಕಳದಿಂದ ಮಣಿಪಾಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿಯೊಬ್ಬಳು ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ಹೊಸ ಪುಸ್ತಕವೊಂದನ್ನು ತೆಗೆದು ತೊಡೆಯ ಮೇಲೆ ಬಿಡಿಸಿದಳು. ನುಣುಪು ಕಾಗದದ, ಅಂಟು ಇನ್ನೂ ಆರದ ವಾಸನೆ. ಹೊಸ ಪುಸ್ತಕದ ವಾಸನೆಯೆಂದರೆ ಪ್ರಾಣ ಬಿಡುವವರು ಬಹಳ ಮಂದಿ ಇದ್ದಾರೆ, ಅವರಿಗೆ ಒಳ್ಳೆಯದಾಗಲಿ. ಈ ಪುಸ್ತಕದ ವಾಸನೆಗೆ ಮಾತ್ರ ನನ್ನ ಬಾಯಿ ಒಣಗಿತು. ಓರೆಗಣ್ಣಿನಿಂದ ನೋಡಿದೆ. ಅದೇ ಪುಸ್ತಕ. ಹೊರದೇಶದ ಕಂಪೆನಿಗಳಲ್ಲಿ ಎಚ್‌ಆರ್ ಕೆಲಸ ಮಾಡಬೇಕೆನ್ನುವವರು ಬರೆಯಬೇಕಾದ ಅಂತಾರಾಷ್ಟ್ರೀಯ ಪರೀಕ್ಷೆಯದ್ದು.

ನಾನು ನೋಡಿದ್ದನ್ನು ಅವಳು ನೋಡಿದಳು. "ಆಂಟಿ, ನಿಮಗೆ ಇದು ಗೊತ್ತುಂಟಾ? ತುಂಬ ಕಷ್ಟವಾ?"

ಆಂಟಿ ಎಂದದ್ದಕ್ಕೆ ಒಂದು ಕ್ಷಣ ದಂಗಾದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಬಹಳ ಬೇಗ ದಂಗಾಗುವ ಹೆಂಗಸು. ಬಸ್ಸಿನ ಹಾರ್ನಿಗೆ ದಂಗಾಗುತ್ತೇನೆ, ತೆಂಗಿನಕಾಯಿ ಬಿದ್ದ ಸದ್ದಿಗೆ ದಂಗಾಗುತ್ತೇನೆ. ಆದರೆ ಈ ಪುಸ್ತಕದ ನೆಪದಲ್ಲಿ ಆದಷ್ಟು ಆಘಾತ ಬೇರೆ ಯಾವುದರಿಂದಲೂ ಆಗಿಲ್ಲ. "ಪರೀಕ್ಷೆ ಅಷ್ಟೇನೂ ಕಷ್ಟ ಇಲ್ಲ" ಎಂದಷ್ಟೇ ಅವಳಿಗೆ ಹೇಳಿದೆ. ಮಿಕ್ಕಿದ್ದನ್ನು ನಿಮಗೆ ಹೇಳುತ್ತೇನೆ.

ಎಚ್‌ಆರ್ ಎಂದರೇನು ಎಂದು ನನ್ನ ಅಮ್ಮನಿಗೆ ಇವತ್ತಿಗೂ ಸರಿಯಾಗಿ ತಿಳಿಯದು. ನಮ್ಮೂರಾದ ಕುಕ್ಕುಂದೂರಿನ ನೆರೆಯವರು ಕೇಳಿದರೆ, "ಅವಳದ್ದು ರಜೆ ಕೊಡುವ ಕೆಲಸ" ಎನ್ನುತ್ತಾರೆ. ನಿಟ್ಟೆಯಲ್ಲಿ ಓದು ಮುಗಿಸಿದವಳು ರಜೆ ಕೊಡುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಾಳೆಂದು ಅವರಿಗೆ ಒಳಗೊಳಗೇ ಬೆರಗು. ನಿಜ ಹೇಳಬೇಕೆಂದರೆ ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮಸ್ಕತ್ತಿನಲ್ಲಿರುವ ಒಂದು ಕಂಪೆನಿಯ ಕೆಲಸಗಾರರ ರಜೆ, ವೀಸಾ, ವಿಮಾನದ ಟಿಕೆಟು ಇವನ್ನೆಲ್ಲ ಮಣಿಪಾಲದ ಒಂದು ಸಣ್ಣ ಕಚೇರಿಯಲ್ಲಿ ಕೂತು ನೋಡಿಕೊಳ್ಳುವವರು ನಾವು. ಮೇಲಿನ ಹುದ್ದೆ ಬೇಕಾದರೆ ಇಲ್ಲಿನ ಎಂಬಿಎ ಸಾಲದು, ಆ ಅಂತಾರಾಷ್ಟ್ರೀಯ ಸರ್ಟಿಫಿಕೇಟು ಬೇಕು ಎಂದರು. ಸರಿ, ನಾನೂ ಇಟ್ಟಿಗೆ ಹೊರಲು ಶುರುಮಾಡಿದೆ.

ಭಾನುವಾರದ ತರಗತಿ. ಮಣಿಪಾಲದ ಒಂದು ಬೇಕರಿಯ ಮೇಲಿನ ಮಹಡಿ. ಕಲಿಸುತ್ತಿದ್ದವರು ಉದ್ಯಾವರದ ಹೆನ್ರಿ ಸರ್. ಬಹ್ರೇನಿನಲ್ಲಿ ಅರ್ಧ ಆಯುಸ್ಸು ಕಳೆದು ಬಂದವರು. ಕೆಳಗಿನಿಂದ ಪಫ್ಸ್ ಬೇಯುವ ವಾಸನೆ ಬಂದರೆ ಪಾಠ ತಾನಾಗಿಯೇ ನಿಲ್ಲುತ್ತಿತ್ತು. ಆ ತರಗತಿಯ ಒಂದು ಅಭ್ಯಾಸ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ: ಉದ್ಯೋಗಿಯೊಬ್ಬನ ತಾಯಿಯ ಅಣ್ಣ ತೀರಿಕೊಂಡಿದ್ದಾರೆ. ಕುಟುಂಬದ ಸಾವಿಗೆ ಕೊಡುವ ರಜೆಯನ್ನು ಅವನು ಕೇಳಿದ್ದಾನೆ. ನೀವೇನು ಮಾಡುತ್ತೀರಿ?

ಇದೂ ಒಂದು ಪ್ರಶ್ನೆಯೇ! ನಾವು ಅಳಿಯಕಟ್ಟಿನವರು. ನಮ್ಮ ಬಳಿ, ಅಂದರೆ ಗೋತ್ರದಂಥದ್ದು, ಬರುವುದು ತಾಯಿಯಿಂದ, ಮನೆಯ ಹಿರಿತನ ಹೋಗುವುದು ತಾಯಿಯ ಅಣ್ಣತಮ್ಮಂದಿರಿಗೆ. ತುಳುವಿನಲ್ಲಿ ತಮ್ಮಲೆ, ಕನ್ನಡ ಆಡುವಾಗ ಮಾವ. ನನ್ನನ್ನು ಶಾಲೆಗೆ ಸೇರಿಸಿದ್ದು ಮಾವ, ನಾಟಕದಲ್ಲಿ ಸೇರಬಾರದು ಎಂದದ್ದು ಮಾವ, ಮತ್ತೆ ನಾಟಕ ನೋಡಲು ಎದುರು ಸಾಲಿನಲ್ಲಿ ಬಂದು ಕೂತದ್ದೂ ಮಾವ. ಅಪ್ಪನಿಗೆ ನಾನು ಹೆದರಿದ್ದೇ ಇಲ್ಲ. ಮಾವ ಸತ್ತರೆ ರಜೆ ಕೊಡಬೇಕೇ ಎಂದು ಕೇಳುವವರಿಗೆ ತಲೆ ಸರಿಯಿಲ್ಲ ಎಂದುಕೊಂಡು, ‘ತಕ್ಷಣ ಕೊಡುತ್ತೇನೆ’ ಎಂಬುದಕ್ಕೆ ಗುರುತು ಹಾಕಿದೆ.

ತಪ್ಪು. ಸರಿಯುತ್ತರ: ಸೋದರಮಾವ ಹತ್ತಿರದ ಕುಟುಂಬದವನಲ್ಲ, ನಿಯಮದಂತೆ ಆ ರಜೆ ಸಲ್ಲದು.

ನಾನು ಪುಸ್ತಕ ಹಿಡಿದುಕೊಂಡು ಹೆನ್ರಿ ಸರ್ ಬಳಿ ಜಗಳಕ್ಕೇ ಹೋದೆ. ಅವರು ಕನ್ನಡಕ ಮೇಲೇರಿಸಿ ನಕ್ಕರು. "ಎಂತ ಮಾರಾಯ್ತಿ, ಪುಸ್ತಕ ಬರೆದವನಿಗೆ ನಿನ್ನ ಮಾವನ ಪರಿಚಯ ಉಂಟಾ? ಕಂಪೆನಿ ಒಂದು ಪಟ್ಟಿ ಮಾಡುತ್ತದೆ. ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಅಣ್ಣ ತಂಗಿ, ಅತ್ತೆ ಮಾವ. ಅಷ್ಟೇ."

"ಮಾವ ಉಂಟಲ್ಲ ಸರ್!"

"ಅದು ಹೆಂಡತಿಯ ಅಪ್ಪ. ನಿನ್ನ ಅಮ್ಮನ ಅಣ್ಣ ಅಲ್ಲ. ಪಾಸಾಗುವವರೆಗೆ ಮಾವನನ್ನು ಸ್ವಲ್ಪ ಹೊರಗೆ ಕೂರಿಸು."

ಕೂರಿಸಿದೆ. ಕಂಪ್ಯೂಟರಿನ ಪರದೆಯ ಮೇಲೆ ಪಾಸ್ ಎಂಬ ಅಕ್ಷರ ಮೂಡಿದಾಗ ಮೊದಲು ಫೋನ್ ಮಾಡಿದ್ದು ಮಾವನಿಗೇ. "ಇನ್ನು ನೀನು ಇಂಟರ್‌ನ್ಯಾಷನಲ್ ಆದಿ" ಎಂದು ಹಿಗ್ಗಿದರು. ಪಾಸಾಗಲು ಏನು ಉತ್ತರ ಕಲಿಯಬೇಕಾಯಿತೆಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು ಅನ್ನಿಸುತ್ತದೆ.

ಹೊಸ ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ. ಒಂದು ಬೆಳಿಗ್ಗೆ ಮಸ್ಕತ್ತಿನಿಂದ ನನ್ನ ಮೇಲಧಿಕಾರಿ ಫಿಯೋನಾ ಕರೆ ಮಾಡಿದಳು. ಐರ್ಲೆಂಡಿನವಳು, ಮಾತು ಸ್ವಲ್ಪ ಹರಿತ. ಕಾಪುವಿನ ಸುಕೇಶ ಎಂಬ ಎಸಿ ಮೆಕ್ಯಾನಿಕ್ ಮಾವ ತೀರಿಹೋದನೆಂದು ರಜೆ ಕೇಳಿದ್ದಾನೆ. ಕಂಪ್ಯೂಟರಿನಲ್ಲಿ ರಜೆ ತಾನಾಗಿಯೇ ಮಂಜೂರಾಗಿ ಅವನು ಊರಿಗೆ ಹಾರಿಯೂ ಆಗಿದೆ. ಹಾರಿದ ಮೇಲೆ ಯಾರೋ ಅವನ ಫೈಲು ತೆಗೆದು ನೋಡಿದ್ದಾರೆ.

"ಅವನಿಗೆ ಮದುವೆಯೇ ಆಗಿಲ್ಲ" ಎಂದಳು ಫಿಯೋನಾ. "ಹೆಂಡತಿಯಿಲ್ಲದವನಿಗೆ ಹೆಂಡತಿಯ ಅಪ್ಪ ಎಲ್ಲಿಂದ ಬಂದ? ಬಂದು ಹೇಗೆ ಸತ್ತ?"

ಸುಳ್ಳು ಸಂಬಂಧ ಹೇಳಿ ರಜೆ ಪಡೆದರೆ ಕೆಲಸದಿಂದ ವಜಾ. ಇದು ನಾನೇ ಬಾಯಿಪಾಠ ಮಾಡಿದ ನಿಯಮ. ಕಾಪು ನಿನಗೆ ಹತ್ತಿರವಲ್ಲವೇ, ಹೋಗಿ ನೋಡಿ ಬಾ ಎಂದಳು.

ಹೋದೆ. ದಾರಿಯುದ್ದಕ್ಕೂ ಆ ಸುಕೇಶನ ಮೇಲೆ ಸಿಟ್ಟು ಕುದಿಯುತ್ತಿತ್ತು. ಸುಳ್ಳು ಹೇಳುವವನು ಒಂದು ಅಜ್ಜಿಯನ್ನಾದರೂ ಸಾಯಿಸಬಾರದಿತ್ತೇ! ಮನೆ ಹೆದ್ದಾರಿಯಿಂದ ಒಳಗೆ, ಹಿತ್ತಲಿನ ಆಚೆಗೇ ಕಡಲಿನ ಸದ್ದು. ಅಂಗಳದಲ್ಲಿ ಬಾಡಿಗೆ ಕುರ್ಚಿಗಳು, ಚಾವಡಿಯಲ್ಲಿ ಒಬ್ಬ ಹಿರಿಯರ ಫೋಟೋ, ಮುಂದೆ ದೀಪ. ಸಾವು ಸುಳ್ಳಲ್ಲ ಎಂದು ಗೊತ್ತಾಗಿ ನನ್ನ ಸಿಟ್ಟೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು. ಚಪ್ಪಲಿ ಬಿಡುವುದಕ್ಕೂ ನಾಚಿಕೆಯಾಯಿತು.

ಸುಕೇಶ ಜಗಲಿಯಲ್ಲಿದ್ದ. ಕಣ್ಣು ಊದಿದ, ಗಡ್ಡ ಬಿಟ್ಟ, ಮೂವತ್ತರ ಹತ್ತಿರದ ಹುಡುಗ. ಕಂಪೆನಿಯ ಹೆಸರು ಹೇಳಿದ ಕೂಡಲೇ ಎದ್ದು ನಿಂತ.

"ಇವರು ನಿಮಗೆ ಏನಾಗಬೇಕು?" ಎಂದು ಫೋಟೋ ತೋರಿಸಿ ಕೇಳಿದೆ.

"ಮಾವ, ಮೇಡಂ. ಅಮ್ಮನ ಅಣ್ಣ. ಅಪ್ಪ ನಾನು ಸಣ್ಣದಿರುವಾಗಲೇ ಹೋದರು. ಸಾಕಿದ್ದು ಇವರೇ."

"ಫಾದರ್ ಇನ್ ಲಾ ಅಂತ ಹಾಕಿದ್ದೀರಲ್ಲ?"

"ಹೌದು ಮೇಡಂ, ಮಾವ." ಅವನು ಗಲಿಬಿಲಿಯಿಂದ ನೋಡಿದ. "ಆವಾಗ ನನ್ನ ಕೈಕಾಲು ಆಡ್ತಾ ಇರಲಿಲ್ಲ. ಫೋನಿನಲ್ಲಿ ಕನ್ನಡದಲ್ಲಿ ಮಾವ ಅಂತ ಹಾಕಿದೆ, ಇಂಗ್ಲಿಷಿನಲ್ಲಿ ಅದೇ ಬಂತು. ಪಟ್ಟಿಯಲ್ಲಿಯೂ ಅದು ಇತ್ತು. ಎಂತ, ತಪ್ಪಾಯಿತಾ?"

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಇಷ್ಟೇ. ಅಮ್ಮನ ಅಣ್ಣನೂ ಮಾವ, ಹೆಂಡತಿಯ ಅಪ್ಪನೂ ಮಾವ. ನಮ್ಮ ಹಿರಿಯರು ಎರಡಕ್ಕೂ ಒಂದೇ ಮಾತು ಇಟ್ಟುಕೊಂಡು ಸುಖವಾಗಿದ್ದರು, ಫೋನು ಅವುಗಳಲ್ಲಿ ಒಂದನ್ನು ಆರಿಸಿತು. ಹುಡುಗ ಸುಳ್ಳು ಹೇಳಿರಲಿಲ್ಲ. ಅಬ್ಬ ಎಂದುಕೊಂಡೆ. ಆ ಅಬ್ಬ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಇನ್ನೊಂದು ಹೊಳೆದು ಮತ್ತೆ ದಂಗಾದೆ. ಸುಳ್ಳಲ್ಲ ಎಂದು ತೋರಿಸಬೇಕಾದರೆ ಇವರು ಸೋದರಮಾವ ಎನ್ನಬೇಕು. ಸೋದರಮಾವ ಎಂದ ಕೂಡಲೇ ಪಟ್ಟಿಯಿಂದ ಹೊರಗೆ. ರಜೆ ರದ್ದು, ಅವನು ಕೂಡಲೇ ಮಸ್ಕತ್ತಿಗೆ ಮರಳಬೇಕು. ಉತ್ತರಕ್ರಿಯೆ, ನಾವು ಬೊಜ್ಜ ಎನ್ನುತ್ತೇವಲ್ಲ, ಅದು ಇನ್ನೂ ಆಗಿರಲಿಲ್ಲ.

ಇದನ್ನು ಆದಷ್ಟು ಮೆತ್ತಗೆ ಹೇಳಿದೆ. ಇಂಥ ಸುದ್ದಿಯನ್ನು ಮೆತ್ತಗೆ ಹೇಳುವುದಕ್ಕೆ ನನ್ನ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವಿತ್ತು. ಬಾಗಿಲ ಬಳಿ ಕೂತಿದ್ದ ಸುಕೇಶನ ತಾಯಿ ಕುಸುಮಕ್ಕ ಸೆರಗಿನಿಂದ ಮುಖ ಒರೆಸಿ ನನ್ನ ಕಡೆ ತಿರುಗಿದರು.

"ನಿಮ್ಮ ಮನೆ ಎಲ್ಲಿ ಆಯಿತು?"

"ಕುಕ್ಕುಂದೂರು."

"ಹಾಗಾದರೆ ನಮ್ಮವರೇ. ನಿಮಗೂ ಮಾವ ಇರಬೇಕಲ್ಲ?" ಹೌದೆಂದು ತಲೆಯಾಡಿಸಿದೆ. "ಇವನಿಗೆ ಇನ್ನೂ ಹೆಂಡತಿಯೇ ಇಲ್ಲ, ಅವಳ ಅಪ್ಪ ನಿಮ್ಮ ಪಟ್ಟಿಯಲ್ಲಿ ಉಂಟು. ನನ್ನ ಅಣ್ಣ ಇಲ್ಲ. ಇದು ಯಾವ ಊರಿನ ನ್ಯಾಯ ಮಾರಾಯ್ತಿ?"

ಸರ್ಟಿಫಿಕೇಟಿನವಳು ಪುಸ್ತಕದ ಅಧ್ಯಾಯಗಳನ್ನು ಮನಸ್ಸಿನಲ್ಲೇ ಮಗುಚತೊಡಗಿದೆ. ಅಷ್ಟರಲ್ಲಿ ಕುಸುಮಕ್ಕನ ಮುಖದಲ್ಲಿಯೇ ಒಂದು ಬೆಳಕು ಕಂಡಿತು. "ಅಲ್ಲ, ಇದಕ್ಕೆ ಇಷ್ಟು ತಲೆಬಿಸಿ ಯಾಕೆ? ಅಣ್ಣನ ಮಗಳು ಇಲ್ಲಿಯೇ ಇದ್ದಾಳೆ. ಮಾವನ ಮಗಳನ್ನು ಮದುವೆಯಾಗುವುದು ನಮ್ಮಲ್ಲಿ ಇದ್ದದ್ದೇ. ಇವನಿಗೆ ಅಶ್ವಿನಿಯನ್ನು ಗೊತ್ತು ಮಾಡಿದ್ದೇವೆ ಅಂತ ಬರೆಯಿರಿ. ಆಗ ಅಣ್ಣ ಇಂಗ್ಲಿಷಿನಲ್ಲಿಯೂ ಮಾವ ಆದ ಹಾಗೆ ಆಯಿತಲ್ಲ!"

ಅಂಗಳದಲ್ಲಿದ್ದ ಒಂದಿಬ್ಬರು ಹಿರಿಯರು ಹೌದು ಹೌದೆಂದು ತಲೆಯಾಡಿಸಿದರು. ಸಾವಿನ ಮನೆಯಲ್ಲಿ, ಕಂಪೆನಿಯ ರಜೆಗೋಸ್ಕರ, ನನ್ನ ಕಣ್ಣೆದುರು ಒಂದು ಮದುವೆ ನಿಶ್ಚಯವಾಗುತ್ತಿತ್ತು. ನಾನು ಬಾಯಿ ತೆರೆದವಳು ಮುಚ್ಚಲು ಮರೆತೆ. ಇನ್ನೂ ನಾಚಿಕೆಗೇಡೆಂದರೆ, ಹೀಗೆ ಬರೆದರೆ ನಿಯಮಕ್ಕೆ ಕೂಡಿಬರುತ್ತದೆಯೇ ಎಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

"ಅತ್ತೇ."

ಒಳಗಿನಿಂದ ಅಶ್ವಿನಿ ಬಂದು ನಿಂತಿದ್ದಳು. ತೆಳ್ಳಗಿನ ಹುಡುಗಿ, ಕಾಲೇಜು ಅದೇ ವರ್ಷ ಮುಗಿದಿತ್ತಂತೆ. ಅತ್ತೆ ಎಂಬ ಮಾತಿಗೂ ನಮ್ಮಲ್ಲಿ ಎರಡು ಅರ್ಥ, ಅವಳು ಅದರಲ್ಲಿ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕರೆದ ಹಾಗೆ ಕೇಳಿಸಿತು.

"ನನ್ನನ್ನು ಯಾರಾದರೂ ಕೇಳಿದ್ದೀರಾ? ಸತ್ತದ್ದು ನನ್ನ ಅಪ್ಪ. ಇವರ ಪಟ್ಟಿ ಸರಿ ಮಾಡಲಿಕ್ಕೆ ನಾನು ಮದುವೆ ಆಗಬೇಕಾ?"

ಅವಳು ನನ್ನ ಕಡೆ ತಿರುಗಿದಳು. "ಬಾವನನ್ನು ಸಾಕಿದ್ದು ಅಪ್ಪ. ಅಪ್ಪನಿಗೆ ಕೊಳ್ಳಿ ಇಟ್ಟದ್ದು ಬಾವ. ಅಷ್ಟು ಬರೆಯಿರಿ ಮೇಡಂ. ಸಾಲುವುದಿಲ್ಲ ಅಂತ ಅವರು ಹೇಳಲಿ, ನೀವೇ ಮೊದಲು ಹೇಳಬೇಡಿ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಸುಕೇಶ ತಲೆ ತಗ್ಗಿಸಿಕೊಂಡೇ ಹೇಳಿದ: "ಅವಳು ಹೇಳಿದ್ದು ಸರಿ. ಮದುವೆ ಗಿದುವೆ ಹಾಕಬೇಡಿ. ಆದರೆ ಬೊಜ್ಜ ಮುಗಿಯದೆ ನಾನು ವಿಮಾನ ಹತ್ತುವುದಿಲ್ಲ. ಕೆಲಸ ಹೋದರೆ ಹೋಗಲಿ." ಆ ಮನೆಗೆ ಬೇರೆ ದುಡಿಯುವವರಿರಲಿಲ್ಲ.

ಏಳುವಾಗ ಅಭ್ಯಾಸಬಲದಿಂದ, "ಆಯಿತು, ಪುನಃ ಬರುತ್ತೇನೆ" ಎಂದುಬಿಟ್ಟೆ. ಸಾವಿನ ಮನೆಯಿಂದ ಹೊರಡುವಾಗ ಬರುತ್ತೇನೆ ಎನ್ನಬಾರದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಿರಿಯರೊಬ್ಬರು ಛೆ ಎಂದರು. ಇಂಟರ್‌ನ್ಯಾಷನಲ್ ಆದವಳ ಗತಿ ನೋಡಿ.

ಹೆದ್ದಾರಿ ಬದಿಯ ಬಸ್ ನಿಲ್ದಾಣದಲ್ಲಿ ನಿಂತೇ ಫಿಯೋನಾಳಿಗೆ ಕರೆ ಮಾಡಿದೆ. ಲಾರಿಗಳ ಗದ್ದಲದ ನಡುವೆ ಕೂಗಿ ಕೂಗಿ ಮಾವನನ್ನು ಇಂಗ್ಲಿಷಿಗೆ ತಂದೆ. ಒಂದು ಪದ, ಇಬ್ಬರು ಮನುಷ್ಯರು; ತಾಯಿಯ ಅಣ್ಣ ನಮಗೆ ಯಾರು; ಯಾರು ಯಾರನ್ನು ಸಾಕಿದರು, ಯಾರು ಯಾರಿಗೆ ಕೊಳ್ಳಿ ಇಟ್ಟರು. ನಿಯಮದಲ್ಲಿ ಇವರು ಕುಟುಂಬವಲ್ಲ, ನನ್ನ ಪ್ರಕಾರ ಕುಟುಂಬವೇ, ಎಂದೂ ಹೇಳಿದೆ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಹೆಂಗಸು, ಗಂಡನೊಡನೆ ಜಗಳವೆಂದು ತಿಳಿದು ನನ್ನನ್ನು ಮರುಕದಿಂದ ನೋಡಿದಳು.

ಎಲ್ಲ ಕೇಳಿದ ಮೇಲೆ ಫಿಯೋನಾ ಹೇಳಿದಳು: "ಹಾಗಾದರೆ ಸುಳ್ಳಿಲ್ಲ. ಕೆಲಸ ಉಳಿಯುತ್ತದೆ. ಆ ರಜೆ ರದ್ದು ಮಾಡಿ, ಸಂಬಳವಿಲ್ಲದ ರಜೆ ಹಾಕು. ಕ್ರಿಯೆ ಮುಗಿಸಿ ಬರಲಿ. ಪಟ್ಟಿಯನ್ನು ನಾನು ಬದಲಾಯಿಸಲಾರೆ."

ಸಂಬಳವಿಲ್ಲ ಎಂದು ಸುಕೇಶನಿಗೆ ಹೇಗೆ ಹೇಳುವುದೆಂದು ಸಂಕಟಪಟ್ಟೇ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ: "ಈಗ ಕಾಗದದಲ್ಲಿ ಮಾವ ಅಂತ ಉಂಟಲ್ಲ, ಸರಿಯಾದ ಮಾವ?" ಉಂಟು ಎಂದೆ. ಫೋನಿನಲ್ಲಿಯೇ ಹೋ ಎಂದು ಅತ್ತ.

ಇದೆಲ್ಲ ಆಗಿ ವರ್ಷಗಳಾದವು. ಪಟ್ಟಿ ಈಗಲೂ ಹಾಗೆಯೇ ಉಂಟು. ಸುಕೇಶ ಊರಿಗೆ ಮರಳಿ ಉಡುಪಿಯಲ್ಲಿ ಸ್ವಂತ ಎಸಿ ರಿಪೇರಿ ಅಂಗಡಿ ಹಾಕಿದ್ದಾನೆ. ಮದುವೆಯಾಗಿದ್ದಾನೆ, ಹುಡುಗಿ ಬೇರೆ ಊರಿನವಳು. ಅಶ್ವಿನಿ ಹೆನ್ರಿ ಸರ್ ತರಗತಿಗೆ ಸೇರಿ ಅದೇ ಸರ್ಟಿಫಿಕೇಟು ಪಡೆದು, ಮೊನ್ನೆ, ನಾನು ಬಸ್ಸಿನಿಂದಿಳಿದು ಕಚೇರಿಗೆ ಹೋದಾಗ, ಹೊಸ ಉದ್ಯೋಗಿಯಾಗಿ ನನ್ನೆದುರು ಕೂತಿದ್ದಳು. ಸಂದರ್ಶನ ಮಾಡಿದ್ದು ನಾನಲ್ಲ, ಮಸ್ಕತ್ತಿನವರು. ಹೆಸರು, ಊರು ಎಲ್ಲ ತುಂಬಿಸಿ, ತುರ್ತಿಗೆ ಕರೆಯಬೇಕಾದವರ ಹೆಸರು ಕೇಳಿದೆ. ಸುಕೇಶ ಎಂದಳು.

ಮುಂದಿನದು ಸಂಬಂಧ. ಅವಳಿಗೆ ಅವನು ಬಾವ. ಬಾವ ಎಂದರೆ ಮಾವನ ಮಗನೂ ಹೌದು, ಅತ್ತೆಯ ಮಗನೂ ಹೌದು, ಅಕ್ಕನ ಗಂಡನೂ ಹೌದು. ನನ್ನ ಬೆರಳುಗಳು ಒಂದು ಇಂಗ್ಲಿಷ್ ಪದವನ್ನು ಆಗಲೇ ಹೊಡೆಯಲು ಹೊರಟಿದ್ದವು. ಹಿಂದಕ್ಕೆ ತೆಗೆದುಕೊಂಡೆ.

"ಏನು ಬರೆಯಲಿ ಅಶ್ವಿನಿ? ನೀವೇ ಹೇಳಿ."

ಅವಳು ಕಿಟಕಿಯ ಕಡೆ ನೋಡಿ ಸ್ವಲ್ಪ ಯೋಚಿಸಿದಳು. ನಕ್ಕಳೋ ಏನೋ, ಸರಿಯಾಗಿ ಕಾಣಲಿಲ್ಲ.

"ಕರೆದರೆ ಬರುವವ ಅಂತ ಬರೆಯಿರಿ ಮೇಡಂ."

ಅದನ್ನೇ ಇಂಗ್ಲಿಷಿನಲ್ಲಿ ಹೊಡೆದೆ. ಕಂಪ್ಯೂಟರು ಮರುಮಾತಾಡದೆ ತೆಗೆದುಕೊಂಡದ್ದು ನೋಡಿ ನನಗೇ ಆಶ್ಚರ್ಯವಾಯಿತು. ನಾಳೆ ಮಸ್ಕತ್ತಿನಿಂದ ಯಾರಾದರೂ ಇದೇನೆಂದು ಕೇಳಬಹುದು. ಕೇಳಲಿ, ಹೇಳುತ್ತೇನೆ.