ಗೇಟಿನ ಹೊರಗೆ ನಿಂತೇ ಟಿವಿ ಸರಿ ಮಾಡುವ ತಂತಿ ಅಕ್ಕ

ಬೆಳಗಿನ ಆರಕ್ಕೆ ಇನ್ನು ಹತ್ತು ನಿಮಿಷ. ಬೀದಿದೀಪ ಆರಿಲ್ಲ. ಐದು ಮಹಡಿಯ ಕಟ್ಟಡವೊಂದರ ಎದುರಿನ ಫುಟ್‌ಪಾತಿನಲ್ಲಿ ಐವತ್ತೇಳು ವರ್ಷದ ಹೆಂಗಸೊಬ್ಬರು, ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲೌಸು ಹಾಕಿಕೊಂಡು, ತಲೆ ಎತ್ತಿ ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಾರೆ. ಒಮ್ಮೆ ಅಂಗಿಯ ಗುಂಡಿ ಹಾಕಿದಂತೆ, ಇನ್ನೊಮ್ಮೆ ಬಾಗಿಲು ತಳ್ಳಿದಂತೆ. ಪೇಪರ್ ಹಾಕುವವನು ಸೈಕಲ್ ನಿಲ್ಲಿಸಿ, "ಏನಮ್ಮಾ, ಹುಷಾರಾಗಿದೀರಾ?" ಅಂತ ಕೇಳುತ್ತಾನೆ.

"ನಾನು ಹುಷಾರಾಗೇ ಇದೀನಿ. ಟಿವಿಗೆ ಹುಷಾರಿಲ್ಲ. ಹೋಗಪ್ಪ, ಅಡ್ಡ ನಿಲ್ಬೇಡ" ಎನ್ನುತ್ತಾರೆ ಅವರು.

ಆ ಟಿವಿ ಇರುವುದು ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ. ಕಿಟಕಿಯಲ್ಲಿ ನಿಂತು ಈ ಹಳದಿ ಕೈಗಳನ್ನೇ ನೋಡುತ್ತಿರುವವರು ಎಪ್ಪತ್ತೊಂದು ವರ್ಷದ ಟೈಲರಜ್ಜಿ. ಅಜ್ಜಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ದೂರದ ಊರಿನಲ್ಲಿರುವ ಅವರ ತಂಗಿಗೂ ಹಾಗೇ. ಅಕ್ಕತಂಗಿಯರು ದಿನಾ ಬೆಳಗ್ಗೆ ಆರಕ್ಕೆ ವಿಡಿಯೊ ಕಾಲ್‌ನಲ್ಲಿ ಕೈಮಾತು ಆಡುತ್ತಾರೆ. ಅದಕ್ಕೆ ಎರಡೂ ಕೈ ಖಾಲಿ ಇರಬೇಕು. ಫೋನನ್ನು ಕೈಯಲ್ಲಿ ಹಿಡಿದರೆ ಅರ್ಧ ಬಾಯಿ ಮುಚ್ಚಿದ ಹಾಗೆ. ಸ್ಟೂಲಿನ ಮೇಲಿಟ್ಟು ಹಿಂದೆ ಸರಿದರೆ ತಂಗಿಯ ಬೆರಳು ಸಾಸಿವೆ ಕಾಳಿನಷ್ಟು. ಹಾಗಾಗಿ ಫೋನಿನಲ್ಲಿ ಬರುವ ತಂಗಿಯನ್ನು ಟಿವಿಗೆ ಕಳಿಸಿಕೊಂಡು, ಆಳೆತ್ತರಕ್ಕೆ ನೋಡುತ್ತಾ ಮೂರು ವರ್ಷದಿಂದ ಮಾತಾಡಿಕೊಂಡಿದ್ದರು.

ಹನ್ನೆರಡು ದಿನದಿಂದ ಟಿವಿಗೆ ತಂಗಿ ಬರುತ್ತಿಲ್ಲ. ಇವತ್ತು ತಂಗಿಯ ಎರಡೂ ಮಣಿಕಟ್ಟಿಗೆ ಆಪರೇಷನ್. ಆರೂವರೆಗೆ ಅವರು ಆಸ್ಪತ್ರೆಗೆ ಹೊರಡುತ್ತಾರೆ. ಆಮೇಲೆ ಆರು ವಾರ ಕೈಗಳು ಪಟ್ಟಿಯೊಳಗೆ, ಅಂದರೆ ಆರು ವಾರ ಆಕೆಯ ಬಾಯಿಗೆ ಬೀಗ. ಅಕ್ಕನಿಗೆ ಹೇಳುವುದು, ಅಕ್ಕನಿಂದ ಕೇಳುವುದು ಏನಿದ್ದರೂ ಈ ನಲವತ್ತು ನಿಮಿಷದಲ್ಲೇ ಆಗಬೇಕು. ಟಿವಿ ಸರಿ ಮಾಡಬಲ್ಲ ಹೆಂಗಸನ್ನು ಗೇಟಿನೊಳಗೆ ಬಿಡುವಂತಿಲ್ಲ ಎಂದು ಕಟ್ಟಡದ ಗೋಡೆಯ ಮೇಲೆ ನೋಟಿಸು ಅಂಟಿಸಿದ್ದಾರೆ.

ಆ ಹೆಂಗಸೇ ತಂತಿ ಅಕ್ಕ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದರು. "ಹೆಸರು ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ. ತಂತಿ ಅಕ್ಕ ಅನ್ನಿ, ನಾಲ್ಕು ಬೀದಿಗೆ ಗೊತ್ತಾಗುತ್ತೆ." ಎಲೆಮರೆಯ ಕಾಯಿಗಳ ಬಗ್ಗೆ ಬರೆಯುತ್ತೇವೆ ಎಂದು ಬಾಯಿಬಿಟ್ಟಿದ್ದಕ್ಕೆ ನನಗೂ ಬಿತ್ತು: "ಎಲೆಮರೆ ಯಾಕ್ರೀ? ನಡುರಸ್ತೇಲೇ ನಿಂತಿದೀನಲ್ಲ! ನಿಮ್ಮ ಕಣ್ಣಿಗೆ ಬೀಳಲಿಲ್ಲ ಅಂದ್ರೆ ಅದು ಎಲೆ ತಪ್ಪಾ?"

ನಾನು ಅವರನ್ನು ಮೊದಲು ನೋಡಿದ್ದು ಹೋದ ವರ್ಷ ನಮ್ಮ ಮನೆಯಲ್ಲಿ. ಫೋನಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ವಿಡಿಯೊ ಟಿವಿಗೆ ಹೋಗುತ್ತಿರಲಿಲ್ಲ. ಒಂದು ಚಕ್ರ ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು. ನಾನು ಫೋನನ್ನು ಸೋಫಾ ಮೇಲೆ ಎಸೆದಿದ್ದೆ. ತಂತಿ ಅಕ್ಕ ಬಂದವರೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಫೋನನ್ನು ಮುಟ್ಟಲಿಲ್ಲ. ಟಿವಿಯನ್ನೂ ಮುಟ್ಟಲಿಲ್ಲ. "ಫೋನು ಯಾವ ವೈಫೈನಲ್ಲಿದೆ, ಓದಿ. ಟಿವಿ ಯಾವುದರಲ್ಲಿದೆ, ಓದಿ" ಎಂದರು. ಓದಿದೆ. ಫೋನು ಹಾಲಿನ ವೈಫೈನಲ್ಲಿ, ಟಿವಿ ಮಹಡಿಯ ವೈಫೈನಲ್ಲಿ. "ಒಂದೇ ಮನೇಲಿದ್ದು ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಥರ. ಮಾತಾಡೋದು ಹೇಗೆ ಹೇಳಿ?" ಎಂದು ನಕ್ಕರು. ಎರಡನ್ನೂ ಒಂದೇ ಒಲೆಗೆ ತಂದವನು ನಾನೇ. ಆವತ್ತಿನಿಂದ ಇವತ್ತಿನವರೆಗೆ ಇನ್ನೊಬ್ಬರನ್ನು ಕರೆದಿಲ್ಲ.

ಕೈ ಬೆನ್ನ ಹಿಂದೆ ಕಟ್ಟುವುದು ಅವರ ಕಟ್ಟುನಿಟ್ಟಿನ ಪದ್ಧತಿ. "ನಾನು ಮುಟ್ಟಿದ್ರೆ ಎರಡು ನಿಮಿಷ. ಅವರು ಮುಟ್ಟಿದ್ರೆ ಅರ್ಧ ಗಂಟೆ. ಆದ್ರೆ ನಾನು ಮುಟ್ಟಿದ್ರೆ ನಾಳೆ ಮತ್ತೆ ನಾನೇ ಬರಬೇಕು" ಎನ್ನುತ್ತಾರೆ. ಹಾಗಾದರೆ ನಿಮಗೇ ನಷ್ಟ ಅಲ್ಲವೇ ಎಂದರೆ ಕೋಪ ಬರುತ್ತದೆ. "ಊರಲ್ಲಿ ಟಿವಿಗೇನು ಬರಗಾಲವಾ? ಒಂದು ಮನೆ ಕಲೀತು ಅಂದ್ರೆ ಎರಡು ಮನೆಗೆ ನನ್ನ ನಂಬರ್ ಕೊಡುತ್ತೆ."

ದಿನಕ್ಕೆ ಏಳೆಂಟು ಮನೆ. ಹತ್ತರಲ್ಲಿ ಏಳು ಕಡೆ ಕಾಯಿಲೆ ಅದೇ, ಎರಡು ಒಲೆಯದ್ದು. ಉಳಿದ ಮೂರರಲ್ಲಿ ಒಂದು ಕಡೆ ಟಿವಿಯನ್ನು ಆರಿಸಿ ಹಚ್ಚಿದರೆ ಮುಗಿಯಿತು. ಚೀಲದಲ್ಲಿ ಟೆಸ್ಟರು, ನಾಲ್ಕು ಬಗೆಯ ತಂತಿ, ಅಂಟು, ಒಂದು ಡಬ್ಬಿ ತುಂಬ ಅಂಗಿ ಗುಂಡಿ. ಟಿವಿಗೆ ಫೋನಿನ ಚಿತ್ರ ಬೇಕೋ ಡಿಶ್‌ನ ಚಿತ್ರ ಬೇಕೋ ಎಂದು ಆರಿಸುವ ಒಂದು ಕೀಲಿ ರಿಮೋಟಿನಲ್ಲಿ ಇರುತ್ತದಲ್ಲ, ಅದನ್ನು ಹುಡುಕುವಷ್ಟರಲ್ಲಿ ವಯಸ್ಸಾದವರ ಪ್ರಾಣ ಹೋಗಿ ಬರುತ್ತದೆ. ಅಕ್ಕ ಆ ಕೀಲಿಯ ಮೇಲೆ ಒಂದು ಕೆಂಪು ಗುಂಡಿ ಅಂಟಿಸುತ್ತಾರೆ. ಗುಂಡಿಗಳನ್ನು ಕೊಟ್ಟವರು ಟೈಲರಜ್ಜಿ.

ಇಪ್ಪತ್ತಮೂರು ವರ್ಷ ಅವರು ಮಾಡಿದ್ದು ಕೇಬಲ್ ಎಳೆಯುವ ಕೆಲಸ. ಕೆಲಸ ಇದ್ದದ್ದು ಗಂಡನ ಹೆಸರಿನಲ್ಲಿ. ಆದರೆ ಯಜಮಾನರಿಗೆ ಎರಡನೇ ಮೆಟ್ಟಿಲು ಹತ್ತಿದರೆ ತಲೆ ಸುತ್ತು. "ಇವರು ಏಣಿ ಹಿಡ್ಕೊಳ್ಳೋರು, ನಾನು ಹತ್ತೋಳು. ಸಂಬಳದ ದಿನ ಮಾತ್ರ ಇವರು ಮುಂದೆ, ನಾನು ಹಿಂದೆ" ಎಂದು ಅಕ್ಕ ಹೇಳುವಾಗ ಪಕ್ಕದಲ್ಲಿ ನಿಂತ ಯಜಮಾನರು, "ಏಣಿ ಗಟ್ಟಿಯಾಗಿ ಹಿಡಿದಿದ್ದಕ್ಕೇ ಇವಳು ಇನ್ನೂ ಇದಾಳೆ, ಅದನ್ನೂ ಬರ್ಕೊಳ್ಳಿ" ಎನ್ನುತ್ತಾರೆ. ಬರೆದಿದ್ದೇನೆ. ಕೇಬಲ್ ಕಚೇರಿ ಮುಚ್ಚಿದ ಮೇಲೆ ಒಂದು ವರ್ಷ ಮನೆಯಲ್ಲಿ ಒಲೆ ಉರಿದದ್ದೇ ಕಷ್ಟ. ಅಕ್ಕ ಒಂದು ಹಳೆಯ ಟಿವಿ, ಒಂದು ಹಳೆಯ ಫೋನು ಮುಂದಿಟ್ಟುಕೊಂಡು ಕೂತರು. ತಪ್ಪು ಮಾಡಿ ಮಾಡಿಯೇ ಕಲಿತರು.

ಈಗ ಗೇಟಿನ ಜಗಳಕ್ಕೆ ಬರೋಣ. ಆ ಕಟ್ಟಡದ ನಲವತ್ತು ಮನೆಗೂ ಕಟ್ಟಿಸಿದವರೇ ಟಿವಿ ಕೊಟ್ಟಿದ್ದರು. ಎಲ್ಲವೂ ಒಂದೇ ಕಂಪನಿ, ಎಲ್ಲಕ್ಕೂ ಒಂದೇ ಹೆಸರು. ಇಡೀ ಕಟ್ಟಡಕ್ಕೆ ಒಂದೇ ವೈಫೈ. ಫೋನಿನಲ್ಲಿ ನೋಡಿದರೆ ಒಂದೇ ಹೆಸರಿನ ನಲವತ್ತು ಟಿವಿಗಳ ಪಟ್ಟಿ. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಮೊಣಕಾಲಿನ ವ್ಯಾಯಾಮದ ವಿಡಿಯೊವನ್ನು ಟಿವಿಗೆ ಹಾಕಿ ಹಾಕಿ ಸೋತರು. ಅದು ಹೋಗುತ್ತಿದ್ದುದು ನಾಲ್ಕನೇ ಮಹಡಿಯ ಒಬ್ಬ ಅಜ್ಜಿಯ ಟಿವಿಗೆ. ಆ ಅಜ್ಜಿ ಟಿವಿಯವರೇ ತನಗಾಗಿ ಕಳಿಸುತ್ತಿದ್ದಾರೆ ಅಂದುಕೊಂಡು ಹತ್ತು ದಿನ ಶ್ರದ್ಧೆಯಿಂದ ವ್ಯಾಯಾಮ ಮಾಡಿ, ಮೊಣಕಾಲು ವಾಸಿ ಮಾಡಿಕೊಂಡರು. ಮೇಷ್ಟ್ರ ಕಾಲು ಮಾತ್ರ ಹಾಗೇ ಇದೆ.

ತಂತಿ ಅಕ್ಕ ಇದಕ್ಕೆ ಕಂಡುಕೊಂಡ ಮದ್ದು ಸುಲಭದ್ದು. ಮನೆ ಮನೆಗೆ ಹೋಗಿ ಪ್ರತಿ ಟಿವಿಗೂ ಅವರವರ ಕೈಯಲ್ಲೇ ನಾಮಕರಣ ಮಾಡಿಸತೊಡಗಿದರು. ಮೇಷ್ಟ್ರ ಕಾಲು, ನಾಲ್ಕರ ಅಜ್ಜಿ, ಗಲಾಟೆ ಮನೆ, ಅಳಿಯನ ಟಿವಿ. ಇಪ್ಪತ್ತೆರಡು ಮನೆ ಮುಗಿದಿತ್ತು. ಅಷ್ಟರಲ್ಲಿ ಹೆಸರಿಡದ ಮನೆಯೊಂದರ ಸ್ವಂತ ವಿಡಿಯೊ ಇನ್ನೊಬ್ಬರ ಟಿವಿಯಲ್ಲಿ ಬಂದು ರಂಪವಾಯಿತು. ಕಟ್ಟಡದ ಮ್ಯಾನೇಜರು ವೈಫೈ ಹಾಕಿದ ಕಂಪನಿಯವರನ್ನು ಕರೆಸಿ, ಯಾವ ಫೋನೂ ಯಾವ ಟಿವಿಯನ್ನೂ ಕಾಣದಂತೆ ಮಾಡಿಸಿದರು. ನೆಗಡಿ ಬಂತೆಂದು ಮೂಗು ಕೊಯ್ದ ಕಥೆ. ನೆಟ್ ಬರುತ್ತದೆ, ಫೋನಿನಲ್ಲಿ ವಿಡಿಯೊ ಬರುತ್ತದೆ, ಟಿವಿಗೆ ಮಾತ್ರ ಹೋಗುವುದಿಲ್ಲ. ಕೇಳಿದವರಿಗೆಲ್ಲ ಕಂಪನಿಯವರ ಉತ್ತರ ಒಂದೇ: ನಿಮ್ಮ ಟಿವಿ ಹಳೆಯದಾಯಿತು, ಹೊಸದು ತಗೊಳ್ಳಿ.

ಅಕ್ಕ ಅದನ್ನು ಕೇಳಿ ಸುಮ್ಮನಿರುವವರಲ್ಲ. ಮೆಟ್ಟಿಲ ಬಳಿ ನಿಂತು, ಎಲ್ಲ ಮಹಡಿಗೂ ಕೇಳುವಂತೆ, "ಟಿವಿ ಗಟ್ಟಿಮುಟ್ಟಾಗಿದೆ! ಮಧ್ಯ ಗೋಡೆ ಕಟ್ಟಿರೋರು ಇವರು! ಒಬ್ಬರೂ ಹೊಸಾ ಟಿವಿ ತಗೋಬೇಡಿ!" ಎಂದು ಕೂಗಿಬಿಟ್ಟರು. ಮರುದಿನವೇ ನೋಟಿಸು: ಅನುಮತಿ ಪತ್ರವಿಲ್ಲದ ರಿಪೇರಿಯವರಿಗೆ ಪ್ರವೇಶವಿಲ್ಲ. ಅನುಮತಿ ಪತ್ರ ಕೊಡುವವರು ಆ ಕಂಪನಿಯವರೇ.

ಮ್ಯಾನೇಜರನ್ನೂ ನಾನು ಮಾತಾಡಿಸಿದೆ. ಕೆಟ್ಟ ಮನುಷ್ಯರೇನಲ್ಲ, ದಣಿದಿದ್ದಾರೆ. "ಸಾರ್, ಒಬ್ಬರ ಮನೆ ವಿಡಿಯೊ ಇನ್ನೊಬ್ಬರು ನೋಡಿದ್ರೆ ಬೈಸ್ಕೊಳ್ಳೋನು ನಾನು. ನಲವತ್ತು ಮನೇನ ಕಾಯ್ಬೇಕು. ಒಂದು ಮನೆಗೋಸ್ಕರ ತೆಗೆಯೋಕಾಗಲ್ಲ" ಎಂದರು. ಆ ಒಂದು ಮನೆಯಲ್ಲಿ ಒಬ್ಬರ ಬಾಯಿಯೇ ಆ ಟಿವಿ ಎಂದೆ. ಅವರು ಮೇಜಿನ ಮೇಲಿದ್ದ ಪೆನ್ನನ್ನು ಜರುಗಿಸಿದರು.

ಇದನ್ನು ತಿಳಿಸಿದಾಗ ತಂತಿ ಅಕ್ಕ ಉರಿದುಬಿದ್ದರು. "ಗಾಳೀಲಿ ಬರಬೇಡ ಅಂತಾರಾ? ಸರಿ, ತಂತೀಲಿ ಬರ್ತೀನಿ. ಇಪ್ಪತ್ತಮೂರು ವರ್ಷ ಎಳೆದಿದೀನಿ, ಇನ್ನೊಂದು ಎಳೀತೀನಿ!" ಟೈಲರಜ್ಜಿಯ ಫೋನಿನಿಂದ ನೇರವಾಗಿ ಟಿವಿಗೆ ಸಿಕ್ಕಿಸುವ ತಂತಿ ಒಂದಿದೆ. ಅದಕ್ಕೆ ವೈಫೈಯ ಅಪ್ಪಣೆ ಬೇಕಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಯಜಮಾನರು ನಿನ್ನೆ ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ, ಇವತ್ತು ಬೆಳಗ್ಗೆ ಐದೂವರೆಗೆ ತಂತಿ ಹಿಡಿದು ಇಳಿದರು. ಆ ಹೊತ್ತಿಗೆ ಅಜ್ಜಿಯ ಸೊಸೆ ಬಸ್ ಕಂಡಕ್ಟರ್ ಕೆಲಸಕ್ಕೆ ಹೊರಟಾಗಿತ್ತು. ಹೊರಡುವ ಮುಂಚೆ ಅತ್ತೆಗೆ ಎಲ್ಲ ತಿಳಿಸಿ, ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬರೇ.

ಗೇಟಿನಲ್ಲಿ ವಾಚ್‌ಮನ್ ಕೈ ಮುಗಿದ. "ನಾನೇನ್ ಮಾಡ್ಲಿ ಅಕ್ಕಾ, ಹೊಟ್ಟೆಪಾಡು."

"ನಿನ್ನ ಕೆಲಸ ನೀನು ಮಾಡು. ಜನ ಒಳಗೆ ಹೋಗ್ಬಾರ್ದು ಅಂತ ತಾನೇ ಬರೆದಿರೋದು? ತಂತಿ ಹೋಗ್ಬಾರ್ದು ಅಂತ ಎಲ್ಲಾದ್ರೂ ಇದ್ರೆ ತೋರ್ಸು!"

ವಾಚ್‌ಮನ್ ನಿಜಕ್ಕೂ ಹೋಗಿ ನೋಟಿಸನ್ನು ಮೇಲಿಂದ ಕೆಳಗೆ ಓದಿದ. "ಇಲ್ಲ ಅಕ್ಕ" ಎಂದ. ಮೊದಲ ಮಹಡಿಯ ಕಿಟಕಿಯಿಂದ ತರಕಾರಿ ಚೀಲವೊಂದು ಹಗ್ಗದ ತುದಿಯಲ್ಲಿ ಇಳಿಯಿತು. ತಂತಿ ಹತ್ತಿತು. ಅಕ್ಕ ರಸ್ತೆ ದಾಟಿ, ಕಿಟಕಿಗೆ ನೇರವಾಗಿ ಕಾಣುವ ಜಾಗದಲ್ಲಿ ನಿಂತು ಗ್ಲೌಸು ಹಾಕಿಕೊಂಡರು.

ಈಗ ಆರು ಹತ್ತು. ಅಜ್ಜಿ ಕಿಟಕಿಗೆ ಬಂದು ಅಂಗೈಯನ್ನು ಮುಖದ ಮುಂದೆ ಅಡ್ಡ ಹಿಡಿಯುತ್ತಾರೆ. "ಪೂರ್ತಿ ಕಪ್ಪು ಅಂತಿದಾರೆ" ಎಂದು ಅಕ್ಕ ನನಗೆ ಅರ್ಥ ಹೇಳುತ್ತಾರೆ. ಅಜ್ಜಿಯ ಕೈಮಾತಿನಲ್ಲಿ ಅವರಿಗೆ ನಲವತ್ತು ಸನ್ನೆ ಬರುತ್ತದಂತೆ, ಅದರಲ್ಲಿ ಹತ್ತು ಬೈಗುಳ. ಅಕ್ಕ ಅಂಗಿಯ ಗುಂಡಿ ಹಾಕುವಂತೆ ಮಾಡಿ ಎದೆ ತಟ್ಟಿಕೊಳ್ಳುತ್ತಾರೆ: ತಂತಿ ಪೂರ್ತಿ ಒಳಗೆ ಹೋಗಿಲ್ಲ, ಕಾಜಾದೊಳಗೆ ಗುಂಡಿ ಕೂತ ಹಾಗೆ ಕೂರಬೇಕು. ಐವತ್ತು ವರ್ಷ ಗುಂಡಿ ಹೊಲಿದವರಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ! ಅಜ್ಜಿ ಒಳಗೆ ಹೋಗುತ್ತಾರೆ. ಬರುತ್ತಾರೆ. ತಲೆ ಅಲ್ಲಾಡಿಸುತ್ತಾರೆ.

ಆರು ಹದಿನಾರು. ಯಜಮಾನರು ಗಡಿಯಾರ ನೋಡುವುದನ್ನು ಕಂಡು ಅಕ್ಕ ಗದರುತ್ತಾರೆ, "ನೋಡಿದ್ರೆ ನಿಲ್ಲುತ್ತಾ ಅದು?" ಅಕ್ಕನ ಕುತ್ತಿಗೆಯ ನರ ಉಬ್ಬಿದೆ. ಅವರಿಗೂ ಹೆದರಿಕೆ ಇದೆ, ನನಗೆ ಕಾಣುತ್ತಿದೆ. ಅಕ್ಕ ಒಂದು ಕೈಯನ್ನು ರಿಮೋಟಿನಂತೆ ಚಾಚಿ, ಇನ್ನೊಂದರ ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಅಂಗಿಯ ಗುಂಡಿ ತೋರಿಸುತ್ತಾರೆ. ಕೆಂಪು ಗುಂಡಿ. ಒತ್ತು, ನೋಡು, ಮತ್ತೆ ಒತ್ತು.

ಅಜ್ಜಿ ಮತ್ತೆ ಒಳಗೆ ಹೋಗುತ್ತಾರೆ. ಅಷ್ಟರಲ್ಲಿ ಮ್ಯಾನೇಜರು ಸ್ಕೂಟರಿನಲ್ಲಿ ಬಂದು ನಿಲ್ಲುತ್ತಾರೆ. "ಏನಿದು ಇಲ್ಲಿ?" ಅಕ್ಕ ತಿರುಗಿಯೂ ನೋಡುವುದಿಲ್ಲ. "ನಿಮ್ಮ ಗೇಟು ನಿಮ್ಮದು ಸಾರ್. ರಸ್ತೆ ಯಾರಪ್ಪನ ಮನೇದೂ ಅಲ್ಲ. ಈ ಕೈ ನಂದು." ವಾಚ್‌ಮನ್ ಎದ್ದು ನಿಂತವನು, "ನೋಟಿಸಲ್ಲಿ ಹಾಗೇನೂ ಇಲ್ಲ ಸಾರ್, ನಾನು ಓದಿದೆ" ಎಂದುಬಿಡುತ್ತಾನೆ. ಮ್ಯಾನೇಜರು ಹೆಲ್ಮೆಟ್ ತೆಗೆದು, ನಮ್ಮೆಲ್ಲರ ಜೊತೆ ತಾವೂ ಕಿಟಕಿಯತ್ತ ನೋಡುತ್ತಾರೆ.

ಆಗ ಆ ಕೋಣೆಯ ಗೋಡೆಗೆ ಬೆಳಕು ಬೀಳುತ್ತದೆ. ಕಿಟಕಿಯಿಂದ ಟಿವಿಯ ಒಂದು ಅಂಚು ಮಾತ್ರ ಕಾಣುತ್ತದೆ, ಆ ಅಂಚಿನಲ್ಲಿ ಒಂದು ದೊಡ್ಡ ಕೈ ಬಂದು ಹೋಗುತ್ತದೆ. ತಂಗಿಯ ಕೈ. ಅಜ್ಜಿಯ ಕೈಗಳು ಎದ್ದವು ನೋಡಿ, ಹನ್ನೆರಡು ದಿನ ಕಟ್ಟಿಟ್ಟ ಮಾತು ಒಟ್ಟಿಗೇ ಹೊರಬಿದ್ದಿತು. ಒಂದು ಸದ್ದಿಲ್ಲ. ನನ್ನ ಕಣ್ಣು ತುಂಬಿ ಬಂತು. ಯಜಮಾನರು ಮೂಗು ಒರೆಸಿಕೊಂಡು ಆ ಕಡೆ ತಿರುಗಿದರು.

ಎಲ್ಲಾದರೂ ಮತ್ತೆ ಕಪ್ಪಾದರೆ ಎಂದು ಅಕ್ಕನ ಹಳದಿ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು: ಗುಂಡಿ, ಒತ್ತು, ತಳ್ಳು. ಟೈಲರಜ್ಜಿ ಅದನ್ನು ಓರೆಗಣ್ಣಿನಲ್ಲಿ ಕಂಡಿರಬೇಕು. ತಂಗಿಗೆ ತಡೆ ಎಂದು ಬೆರಳು ತೋರಿಸಿ, ಕಿಟಕಿಗೆ ಬಂದು, ಅಕ್ಕನಿಗೆ ಸರಸರನೆ ಏನೋ ಹೇಳಿ ಪರದೆ ಎಳೆದುಬಿಟ್ಟರು.

"ಏನಂದ್ರು? ಥ್ಯಾಂಕ್ಸ್ ಅಂದ್ರಾ?" ಎಂದೆ.

"ಥ್ಯಾಂಕ್ಸಾ?" ತಂತಿ ಅಕ್ಕ ಜೋರಾಗಿ ನಕ್ಕರು. "'ಕೈ ಇಳಿಸು, ನನಗೆ ಬರುತ್ತೆ' ಅಂದ್ರು."

ಅವರು ಹಳದಿ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಇನ್ನು ಎಷ್ಟು ಬೇಕಾದ್ರೂ ಗೇಟ್ ಹಾಕ್ಕೊಳ್ಳಿ ಸಾರ್. ಕಲಿತಿರೋದು ಒಳಗಡೆನೇ ಇದೆ" ಎಂದರು.