ಸುಬ್ರಹ್ಮಣ್ಯಪುರದ ಕೆರೆಗೆ ಹೋಗಿ ಬಂದದ್ದು

ಆಶ್ವಯುಜದ ಒಂದು ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಸ್ ಹೊರಟಾಗ ನನ್ನ ಚೀಲದಲ್ಲಿ ಒಂದು ನಕ್ಷೆಯೂ ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯೂ ಇದ್ದವು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಬೆಂಗಳೂರಿನ ನಗರ ಯೋಜನೆಯ ಕಚೇರಿಗೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಊರು ಬೆಳೆಯುವ ಕಡೆಯಲ್ಲಿ ಎಲ್ಲಿ ಮನೆ ಬರಬೇಕು, ಎಲ್ಲಿ ಕಾರ್ಖಾನೆ, ಎಲ್ಲಿ ಏನನ್ನೂ ಕಟ್ಟಬಾರದು ಎಂದು ಗುರುತಿಸುವುದು ನಮ್ಮ ಕೆಲಸ. ಸುಬ್ರಹ್ಮಣ್ಯಪುರದ ಕೆರೆಯ ಪಕ್ಕದ ಹೊಲವೊಂದನ್ನು ಕಾರ್ಖಾನೆಗೆ ಬಿಡಬಹುದೇ ಎಂದು ನೋಡಿ ಬರಲು ನನ್ನನ್ನು ಕಳುಹಿಸಿದ್ದರು. ಬಿಡಬಾರದು ಎಂದು ನಾನು ಕುರ್ಚಿಯಲ್ಲಿ ಕುಳಿತೇ ತೀರ್ಮಾನಿಸಿಬಿಟ್ಟಿದ್ದೆ.

ಬಸ್ ಜಯನಗರವನ್ನು ಹಾದು ಹೋಯಿತು. ಅಗಲವಾದ ರಸ್ತೆಗಳು, ಬೇಲಿ ಕಟ್ಟಿದ ಎಳೆಯ ಗಿಡಗಳು, ಸುಣ್ಣದ ವಾಸನೆ ಆರದ ಮನೆಗಳು. ಒಂದು ಬೀದಿಯ ನಲ್ಲಿಯ ಮುಂದೆ ಹಿತ್ತಾಳೆ ಕೊಡಗಳು ಸಾಲಾಗಿ ಕುಳಿತಿದ್ದವು. ಕಾವೇರಿ ನೀರು ಬೆಂಗಳೂರಿಗೆ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ಮನೆಯೇನೋ ಚೆನ್ನಾಗಿದೆ, ನೀರಿಗೆ ಮಾತ್ರ ಬೆಳಗಿನ ಜಾವವೇ ಏಳಬೇಕು ಎಂದರು.

ಬನಶಂಕರಿ ಗುಡಿಯ ಹತ್ತಿರ ಇಳಿದು ಜಟಕಾ ಹಿಡಿದೆ. ಕುದುರೆಗೆ ಏರು ದಾರಿ ಇಷ್ಟವಿರಲಿಲ್ಲ. ಅರ್ಧ ದಾರಿ ನಾನೂ ಗಾಡಿಯವನೂ ಇಳಿದು ನಡೆದೆವು. ಎರಡೂ ಕಡೆ ರಾಗಿ ತೆನೆ ಬಿಟ್ಟಿತ್ತು. ತಿರುವು ದಾಟಿದೊಡನೆ ಕೆರೆ ಕಾಣಿಸಿತು. ಮಳೆಗಾಲದ ನೀರು ಏರಿಯ ಕಲ್ಲುಗಳವರೆಗೆ ತುಂಬಿತ್ತು. ಏರಿಯ ಕೆಳಗೆ ಭತ್ತದ ಗದ್ದೆ, ಬದನೆ ತೋಟ, ಊರಿನ ಸೇದುವ ಬಾವಿ.

ಹೊಲದ ಬದುವಿನ ಮೇಲೆ ಇಬ್ಬರು ಕಾಯುತ್ತಿದ್ದರು. ರುದ್ರಪ್ಪನವರು ದಾವಣಗೆರೆ ಕಡೆಯಿಂದ ಬಂದು ಚಿಕ್ಕಪೇಟೆಯಲ್ಲಿ ನೆಲೆಸಿದ ನೂಲಿನ ವ್ಯಾಪಾರಿ. ಪೇಟೆಯಲ್ಲಿ ಜಾಗ ಸಾಲದೆ ನೂಲಿಗೆ ಬಣ್ಣ ಹಾಕುವುದನ್ನೂ ಮಗ್ಗಗಳನ್ನೂ ಒಟ್ಟಿಗೆ ಇಲ್ಲಿಗೆ ತರಬೇಕೆಂದಿದ್ದರು. ಇನ್ನೊಬ್ಬರು ಗೌರಮ್ಮ, ಹೊಲದ ಒಡತಿ. ಹೊಲ ಉಳಿಸಿಕೊಡಿ ಎಂದು ಆಕೆ ಬೇಡುತ್ತಾರೆಂದು ನಾನು ಊಹಿಸಿದ್ದೆ. ಆಕೆ ಕೇಳಿದ್ದು ಬೇರೆಯೇ.

"ಕಾರ್ಖಾನೆ ಬೇಡ ಅಂತ ಬರ್ಕೊಂಡು ಹೋಗ್ಬೇಡ ಕಣಮ್ಮ. ನನ್ನ ಮಗ ದಿನಾ ಊರಾಚೆ ಮಿಲ್ಲಿಗೆ ಸೈಕಲ್ ತುಳಿದು ಹೋಗಿ ಬರ್ತಾನೆ. ಅವನ ಮಕ್ಕಳು ಎದ್ದಿರೋವಾಗ ಅವನು ಮನೇಲಿ ಇರಲ್ಲ."

ಕಚೇರಿಯಲ್ಲಿ ಸುಲಭವಾಗಿದ್ದ ತೀರ್ಮಾನ ಆ ಬದುವಿನ ಮೇಲೆ ಸುಲಭವಾಗಿರಲಿಲ್ಲ. ಮಧ್ಯಾಹ್ನ ಆಕೆಯ ಜಗಲಿಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು ಉಂಡೆವು. ನನ್ನ ಅವಲಕ್ಕಿಯನ್ನು ಮೊಮ್ಮಕ್ಕಳು ಹಂಚಿಕೊಂಡರು. ಉಣ್ಣುತ್ತಲೇ ರುದ್ರಪ್ಪನವರು ತಮ್ಮ ಕಷ್ಟ ಹೇಳಿಕೊಂಡರು: ಕೆಲಸಗಾರರಿಗೆ ಪೇಟೆಯಲ್ಲಿ ಬಾಡಿಗೆ ಮನೆ ಸಿಗುತ್ತಿಲ್ಲ, ಇಲ್ಲಿಯಾದರೆ ಹತ್ತಿರದಲ್ಲೇ ಮನೆಗಳನ್ನೂ ಕಟ್ಟಿಸಬಹುದು.

ಮತ್ತೆ ಹೊಲಕ್ಕೆ ಹೋದಾಗ ಮಳೆ ಹಿಡಿಯಿತು. ಮೂವರೂ ಹೊಂಗೆ ಮರದ ಕೆಳಗೆ ನಿಂತೆವು. ಸ್ವಲ್ಪ ಹೊತ್ತಿಗೆಲ್ಲ ಮೇಲಿನಿಂದ ಕೆಂಪು ನೀರು ಹರಿದು ಬಂದು, ನಾವು ಅಳೆಯಬೇಕೆಂದಿದ್ದ ಹೊಲದ ನಡುವೆಯೇ ಕಾಲುವೆ ಮಾಡಿಕೊಂಡು ಕೆರೆಗೆ ಇಳಿಯಿತು. ದಡದಲ್ಲಿ ತಿಳಿಯಾಗಿದ್ದ ನೀರು ನೋಡನೋಡುತ್ತ ಕೆಂಪಾಯಿತು. ರುದ್ರಪ್ಪನವರು ಅದನ್ನೇ ನೋಡುತ್ತ ನಿಂತರು.

"ನಮ್ಮ ಬಣ್ಣದ ನೀರೂ ಇದೇ ದಾರೀಲಿ ಹೋಗತ್ತೆ, ಅಲ್ವಾ ಮೇಡಂ?"

ಹೌದು ಎಂದೆ. ಕೆರೆಯಿಂದ ಬಾವಿಗೆ, ಗದ್ದೆಗೆ. ನಾಳೆ ನೀವು ಕಟ್ಟಿಸುವ ಮನೆಗಳ ಕೊಡಗಳಿಗೂ ಎಂದೆ. ಅವರು ವಾದಿಸಲಿಲ್ಲ. ನನಗೆ ಆಗ ಒಂದು ಪ್ರಶ್ನೆ ಬಂತು. ಮಗ್ಗಗಳಿಗೂ ಇಷ್ಟು ನೀರು ಬೇಕೇ? ಮಗ್ಗಕ್ಕೆ ಕರೆಂಟ್ ಸಾಕು, ನೀರು ಬೇಕಾದದ್ದು ಬಣ್ಣಕ್ಕೆ ಮಾತ್ರ ಎಂದರು. ಹಾಗಾದರೆ ಬಣ್ಣದ ಕೆಲಸ ಪೇಟೆಯಲ್ಲಿ ಈಗಿರುವ ಕಡೆಯೇ ಇರಲಿ, ಮಗ್ಗಗಳು ಮಾತ್ರ ಬರಲಿ ಎಂದೆ. ನೂಲು ಸಾಗಿಸುವ ತಾಪತ್ರಯ ಹೆಚ್ಚುತ್ತದೆ ಎಂದು ಅವರು ಗೊಣಗಿದರು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಗೌರಮ್ಮ ಹೊಲದ ಆಚೆಗಿನ ದಿಬ್ಬದ ಕಡೆ ಕೈ ತೋರಿಸಿದರು.

"ಆ ದಿಬ್ಬಾನೂ ನಮ್ದೇ. ಬರೀ ಕಲ್ಲು, ರಾಗಿ ಸರಿಯಾಗಿ ಏಳಲ್ಲ. ಮಗ್ಗ ಅಲ್ಲಿ ಹಾಕೋಕಾಗತ್ತಾ?"

ಮಳೆ ನಿಂತ ಮೇಲೆ ದಿಬ್ಬ ಹತ್ತಿದೆವು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಬರಿಗಾಲಲ್ಲಿ ನಡೆದೆ. ಮೇಲೆ ನೆಲ ಗಟ್ಟಿ, ರಸ್ತೆಯೂ ಹತ್ತಿರ. ಮನೆಗಳಿಗೆ ದಿಬ್ಬದ ಕೆಳಗಿನ ರಸ್ತೆ ಪಕ್ಕದ ಜಾಗ ಸರಿಹೋಗುತ್ತಿತ್ತು. ಕೆರೆಯ ಪಕ್ಕದ ಹೊಲ ಹೊಲವಾಗಿಯೇ, ಕಾಲುವೆ ಕಾಲುವೆಯಾಗಿಯೇ ಉಳಿಯುತ್ತಿತ್ತು. ರುದ್ರಪ್ಪನವರು ಬಂಡೆಯ ಮೇಲೆ ಕೂತು ಕೊನೆಗೆ ಹೂಂ ಎಂದರು. ಮೇಲಧಿಕಾರಿಗಳು ಒಪ್ಪಬೇಕಲ್ಲ ಎಂದು ನಾನು ಎಚ್ಚರಿಸಿದೆ. ಒಪ್ಪಿಸೋಣ, ನಾನೂ ಬಂದು ಹೇಳ್ತೀನಿ ಎಂದರು ಗೌರಮ್ಮ. ಹಾಗೆಯೇ ಬಂದರು, ಆ ತಿಂಗಳೇ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ, ಯಾರೂ ಕೂರಿ ಎನ್ನುವ ಮೊದಲೇ ಕೂತು, ಎಲ್ಲವನ್ನೂ ಹೇಳಿದರು. ನನ್ನ ವರದಿಗೆ ಒಪ್ಪಿಗೆ ಸಿಕ್ಕಿದ್ದರಲ್ಲಿ ಆಕೆಯ ಪಾಲೇ ದೊಡ್ಡದು.

ದಿಬ್ಬ ಹತ್ತಿದ ದಿನ ಸಂಜೆ ಹಿಂದಿರುಗಲು ಜಟಕಾ ಸಿಗಲಿಲ್ಲ. ಮಾರ್ಕೆಟ್ಟಿಗೆ ಬದನೆಕಾಯಿ ಹೊತ್ತು ಹೊರಟಿದ್ದ ಎತ್ತಿನ ಗಾಡಿಯವರು ಮೂಟೆಗಳ ನಡುವೆ ಜಾಗ ಮಾಡಿಕೊಟ್ಟರು. ಒದ್ದೆ ಸೀರೆ, ಕೆಸರು ಕಾಲು, ಆದರೂ ಮನಸ್ಸು ಹಗುರವಾಗಿತ್ತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ದಿಬ್ಬದ ಮೇಲೆ ಅವರಿಬ್ಬರೂ ಇನ್ನೂ ನಿಂತಿದ್ದರು. ಮಗ್ಗದ ಮನೆಯ ಬಾಗಿಲು ಯಾವ ಕಡೆಗಿರಬೇಕು ಎಂಬ ಮಾತು ನಾನು ಹೊರಡುವಾಗಲೇ ಶುರುವಾಗಿತ್ತು. ರುದ್ರಪ್ಪನವರು ರಸ್ತೆಯತ್ತ ಕೈ ಚಾಚಿದ್ದರು, ಗೌರಮ್ಮ ಮೂಡಲಿನತ್ತ. ಇಬ್ಬರೂ ಸೋಲುವಂತೆ ಕಾಣಲಿಲ್ಲ.